ಹಿಂದಿನ ಮನೆಗೂ ಬೈಕ್ ಬೇಕಾ?

ಊರು ಬೆಳೆದಿದೆಯೋ, ಬರೀ ಹರಡಿದೆಯೋ? ದಾರಿ ಕೂಡೋ ಜಾಗಗಳನ್ನ ನೋಡಿ.

ನಾಲ್ಕು ದಾರಿ ಕೂಡಿದರೆ ನಡೆಯೋಕೆ ಸಲೀಸು. ಮೂರಾದರೂ ನಡೆದೀತು. ದಾರಿ ಗೋಡೆಗೆ ಹೋಗಿ ಮುಗಿದರೆ? ಹಿಂದಿನ ಮನೆಗೆ ಹೋಗೋಕೂ ಊರೆಲ್ಲ ಸುತ್ತಬೇಕು.

1898ರ ಪ್ಲೇಗಿನ ಹೊತ್ತಿಗೆ ಬೆಂಗಳೂರಲ್ಲಿ ಬಸವನಗುಡಿ, ಮಲ್ಲೇಶ್ವರ ಬಂದವು. ಉದ್ದಕ್ಕೆ ಮೇನ್, ಅಡ್ಡಕ್ಕೆ ಕ್ರಾಸ್. ಒಂದು ಬೀದಿ ಅಗೆದರೆ ಪಕ್ಕದ್ದು ಇದ್ದೇ ಇದೆ.

ಈಗ ತೆಲಂಗಾಣದ ನಮ್ಮ ಕಡೆ ಬನ್ನಿ. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಜಿಲ್ಲಾ ಕೇಂದ್ರ ಆದವು. ಮಕ್ತಲ್ ಇರೋದು 167ನೇ ಹೆದ್ದಾರಿ ಮೇಲೆ. ಇಂಥ ಕಡೆ ಹೊಲ ವೆಂಚರ್ (ಲೇಔಟ್) ಆಗೋಕೆ ತಡ ಆಗಲ್ಲ. ಒಬ್ಬೊಬ್ಬರು ತಮ್ಮ ಹೊಲಕ್ಕಷ್ಟೇ ನಕ್ಷೆ ಹಾಕಿದರೆ, ಬದು ಇದ್ದಲ್ಲಿ ಕಾಂಪೌಂಡ್ ಏಳುತ್ತೆ. ಪಕ್ಕದ ವೆಂಚರ್‌ಗೂ ಹೆದ್ದಾರಿ ಹಿಡಿದೇ ಹೋಗಬೇಕು, ಲಾರಿಗಳ ನಡುವೆ.

ಅಮೆರಿಕದಲ್ಲಿ ದಾರಿ ಕೂಡಿಸದೆ ಬಡಾವಣೆ ಕಟ್ಟೋ ಈ ಚಾಳಿ 1990ರ ದಶಕದಲ್ಲಿ ತುದಿ ಮುಟ್ಟಿ ಇಳೀತು. ಜಗತ್ತಿನ ಎಷ್ಟೋ ಕಡೆ ಇನ್ನೂ ಏರ್ತಿದೆ. ಮನೆಯಾದರೆ ಕೆಡವಿ ಕಟ್ಟಬಹುದು, ಬೀದಿಯ ನಕ್ಷೆ ತಲೆಮಾರು ಕಳೆದರೂ ಬದಲಾಗಲ್ಲ.

ನಾರ್ವದಂಥ ಮಂಡಲ ಕೇಂದ್ರಗಳಲ್ಲಿ ಇನ್ನೂ ಸಮಯ ಇದೆ. ಪ್ಲಾಟ್ ನೋಡೋಕೆ ಹೋದಾಗ ರಸ್ತೆ ಎಷ್ಟು ಅಡಿ ಅಂತ ಎಲ್ಲರೂ ಕೇಳ್ತಾರೆ. ಅದು ಆಚೆ ಎಲ್ಲಿಗೆ ಸೇರುತ್ತೆ ಅಂತಾನೂ ಕೇಳಿ.