ಗಣಕಯಂತ್ರದ ನಿತ್ಯಕರ್ಮ

ಕೊಡಗಿನ ಕಾಫಿತೋಟದ ಮನೆಗಳಲ್ಲಿ ಮಳೆಯನ್ನು ಅಳೆದು ಬರೆದಿಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅಂಗಳದ ಒಂದು ಮೂಲೆಯಲ್ಲಿ ಮಳೆಮಾಪಕವಿರುತ್ತದೆ. ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು, ಇಷ್ಟು ಅಂಗುಲ ಇಷ್ಟು ಸೆಂಟು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಅಂಗುಲದ ನೂರನೆಯ ಒಂದು ಪಾಲಿಗೆ ಇಲ್ಲಿಯ ತೋಟಗಾರರು ಸೆಂಟು ಎನ್ನುತ್ತಾರೆ. ಮಿಲಿಮೀಟರು ಬಂದು ಎಷ್ಟೋ ವರ್ಷಗಳಾದರೂ ಈ ಮಾತು ಬಳಕೆಯಿಂದ ಹೋಗಿಲ್ಲ. ಈ ಕೆಲಸದ ಬೆಲೆಯೆಲ್ಲ ಇರುವುದು ಅದು ತಪ್ಪದೆ ನಡೆಯುವುದರಲ್ಲಿ. ಒಂದು ದಿನ ಅಳೆಯದೆ ಬಿಟ್ಟರೆ ಮರುದಿನದ ಗಾಜಿನಲ್ಲಿ ಎರಡು ದಿನಗಳ ನೀರು ಕೂಡಿಕೊಂಡಿರುತ್ತದೆ. ಅದನ್ನು ಮತ್ತೆ ಎರಡಾಗಿ ವಿಂಗಡಿಸುವ ಉಪಾಯವು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಈಗ ಮನುಷ್ಯನ ಜೊತೆಗೆ ಯಂತ್ರಗಳೂ ಈ ಕೆಲಸಕ್ಕೆ ನಿಂತಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ನೆಲೆಗೊಳಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ ೯೬ ಬಾರಿ, ತಮ್ಮ ಅಳತೆಯನ್ನು ದೂರಕ್ಕೆ ಕಳುಹಿಸಿಕೊಡುತ್ತವೆ. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದುದನ್ನು ಕಂಡವರಿಗೆ ಈ ಅಂಕಿಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ. ಇಂತಹ ಅಂಕಿಗಳನ್ನು ಸ್ವೀಕರಿಸಿ, ಕೂಡಿಟ್ಟು, ಕೇಳಿದವರಿಗೆ ಒದಗಿಸಲೆಂದು ಹಗಲಿರುಳು ಎಚ್ಚರವಾಗಿರುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಬಹುಮಟ್ಟಿಗೆ ಇವೆಲ್ಲ ಯುನಿಕ್ಸ್ ಎಂಬ ವ್ಯವಸ್ಥೆಯ, ಅಥವಾ ಅದರ ಮಾದರಿಯಲ್ಲಿ ಕಟ್ಟಿದ ಲಿನಕ್ಸ್ ಎಂಬ ವ್ಯವಸ್ಥೆಯ, ಅಧೀನದಲ್ಲಿ ನಡೆಯುತ್ತವೆ.

ಹೀಗೆ ಎಡೆಬಿಡದೆ ದುಡಿಯುವ ಯಂತ್ರಕ್ಕೂ ನಿತ್ಯಕರ್ಮಗಳುಂಟು. ಯಂತ್ರವು ತಾನು ಮಾಡಿದುದನ್ನೆಲ್ಲ ಲಾಗ್ ಎಂಬ ದಿನಚರಿಯಲ್ಲಿ ಬರೆದುಕೊಳ್ಳುತ್ತ ಹೋಗುತ್ತದೆ. ದಿನಕ್ಕೆ ೫೦ ಮೆಗಾಬೈಟಿನಂತೆ ಅದು ಬೆಳೆಯಿತೆನ್ನೋಣ. ಡಿಸ್ಕಿನಲ್ಲಿ ಉಳಿದಿರುವ ೨೦ ಗಿಗಾಬೈಟು ಜಾಗವು ಸುಮಾರು ೪೦೦ ದಿನಗಳಲ್ಲಿ ತುಂಬಿಹೋಗಿ, ಹೊಸ ಮಳೆಯ ಅಂಕಿಯನ್ನು ಬರೆಯಲು ಸ್ಥಳವಿಲ್ಲದೆ ಯಂತ್ರವು ಕೈಚೆಲ್ಲುತ್ತದೆ. ಆದುದರಿಂದ ಹಳೆಯ ಲಾಗನ್ನು ಆಗಾಗ ಮಡಿಸಿಟ್ಟು, ಅತಿ ಹಳೆಯದನ್ನು ಅಳಿಸಬೇಕು. ಗಡಿಯಾರವನ್ನು ಸರಿಪಡಿಸಬೇಕು, ಡಿಸ್ಕಿನ ಆರೋಗ್ಯವನ್ನು ಪರೀಕ್ಷಿಸಬೇಕು, ವ್ಯವಸ್ಥೆಯ ದೋಷಗಳಿಗೆ ಬಂದ ತಿದ್ದುಪಡಿಗಳನ್ನು ಅಳವಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇರುವ ಅಂಕಿಗಳ ಪ್ರತಿಯೊಂದನ್ನು ಬೇರೊಂದು ಡಿಸ್ಕಿಗೆ ತೆಗೆದಿಡಬೇಕು. ಇದಕ್ಕೆ ಬ್ಯಾಕಪ್ ಎನ್ನುತ್ತಾರೆ.

ಇವನ್ನೆಲ್ಲ ಮನುಷ್ಯನು ಜ್ಞಾಪಕವಿಟ್ಟು ಮಾಡುವುದು ಅಸಾಧ್ಯ. ಅದಕ್ಕೆಂದೇ ಯುನಿಕ್ಸಿನಲ್ಲಿ ಕ್ರಾನ್ ಎಂಬ ಕಾರ್ಯಕ್ರಮವಿದೆ. ಕಾಲವೆಂಬ ಅರ್ಥದ ಗ್ರೀಕ್ ಶಬ್ದದಿಂದ ಈ ಹೆಸರು ಬಂತು. ೧೯೭೯ರಲ್ಲಿ ಬೆಲ್ ಪ್ರಯೋಗಾಲಯದಿಂದ ಹೊರಬಂದ ಯುನಿಕ್ಸಿನ ಏಳನೆಯ ಆವೃತ್ತಿಯಲ್ಲಿಯೇ ಇದು ಇತ್ತು. ಇಂದು ಅನೇಕ ಲಿನಕ್ಸ್ ಯಂತ್ರಗಳಲ್ಲಿರುವ ಕ್ರಾನಿನ ಮೂಲರೂಪವನ್ನು ಪಾಲ್ ವಿಕ್ಸಿ ಎಂಬವರು ೧೯೮೭ರಲ್ಲಿ ಬರೆದರು. ಹೀಗೆ ತೆರೆಯ ಮರೆಯಲ್ಲಿ ನಿಂತು ಕೆಲಸಮಾಡುವ ಕಾರ್ಯಕ್ರಮಗಳನ್ನು ಯುನಿಕ್ಸಿನವರು ಡೀಮನ್ ಎನ್ನುತ್ತಾರೆ. ಭೂತವೆಂದು ಹೇಳಿದರೆ ತಪ್ಪಾಗಲಾರದು; ಮನೆ ಕಾಯುವ ಗುಳಿಗನನ್ನು ಬಲ್ಲ ನಮ್ಮ ಕಡೆಯವರು ಈ ಮಾತಿಗೆ ಬೆಚ್ಚುವುದೂ ಇಲ್ಲ. ಈ ಭೂತವು ನಿಮಿಷಕ್ಕೊಮ್ಮೆ ಕಣ್ಣು ತೆರೆದು, ಗಡಿಯಾರವನ್ನೂ ತನ್ನ ಕೈಯಲ್ಲಿರುವ ಪಟ್ಟಿಯನ್ನೂ ಹೋಲಿಸಿ, ಈ ನಿಮಿಷಕ್ಕೆ ಹೇಳಿದ ಕೆಲಸವಿದ್ದರೆ ಅದನ್ನು ಆರಂಭಿಸಿ ಮತ್ತೆ ಕಣ್ಣು ಮುಚ್ಚುತ್ತದೆ.

ಪಟ್ಟಿಯ ಪ್ರತಿ ಸಾಲಿನಲ್ಲಿಯೂ ಮೊದಲು ಐದು ಅಂಕಣಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ಮಾಡಬೇಕಾದ ಕೆಲಸ. ಯಾವ ಅಂಕಣಕ್ಕೆ ನಿರ್ಬಂಧವಿಲ್ಲವೋ ಅಲ್ಲಿ ನಕ್ಷತ್ರ ಚಿಹ್ನೆಯನ್ನು ಹಾಕುತ್ತಾರೆ. '೩೦ ೨ * * *' ಎಂದರೆ ಪ್ರತಿದಿನ ರಾತ್ರಿ ಎರಡೂವರೆ ಗಂಟೆಗೆ ಎಂದರ್ಥ. '*/೧೫ * * * *' ಎಂದರೆ ಹದಿನೈದು ನಿಮಿಷಕ್ಕೊಮ್ಮೆ. (ಯಂತ್ರಕ್ಕೆ ಬರೆಯುವಾಗ ಇಂಗ್ಲಿಷ್ ಅಂಕಿಗಳನ್ನೇ ಬಳಸಬೇಕು, ಕನ್ನಡ ಅಂಕಿ ಅದಕ್ಕೆ ತಿಳಿಯದು.) ಐದು ಅಂಕಣಗಳಲ್ಲಿ ಪಂಚಾಂಗವನ್ನೇ ಹಿಡಿದಿಟ್ಟ ಈ ಬರವಣಿಗೆಯ ಚೊಕ್ಕತನ ಮೆಚ್ಚತಕ್ಕದ್ದೇ. ಆದರೆ ಒಂದು ಮೋಸವೂ ಇದರಲ್ಲಿ ಅಡಗಿದೆ. ತಿಂಗಳ ಮೊದಲ ಸೋಮವಾರ ಕೆಲಸವಾಗಲೆಂದು ತಾರೀಖಿನ ಅಂಕಣದಲ್ಲಿ '೧-೭' ಎಂದೂ ವಾರದ ಅಂಕಣದಲ್ಲಿ '೧' ಎಂದೂ ಬರೆದರೆ, ಎರಡೂ ಕೂಡಿದ ದಿನವೆಂದು ಕ್ರಾನ್ ತಿಳಿಯುವುದಿಲ್ಲ. ಇದಾದರೂ ಸರಿ ಅದಾದರೂ ಸರಿ ಎಂದು ತಿಳಿದು, ಮೊದಲ ಏಳು ದಿನಗಳೂ, ಅವಲ್ಲದೆ ಎಲ್ಲ ಸೋಮವಾರಗಳೂ, ದುಡಿಯುತ್ತದೆ. ತಾರೀಖನ್ನು ಮಾತ್ರ ಪಟ್ಟಿಗೆ ಬಿಟ್ಟು, ಇಂದು ಸೋಮವಾರವೇ ಎಂಬ ಪ್ರಶ್ನೆಯನ್ನು ಕೆಲಸದ ಆರಂಭದಲ್ಲಿಯೇ ಕೇಳಿಸುವುದು ಇದಕ್ಕೆ ಪರಿಹಾರ.

ಗಂಟೆಯೆಂದರೆ ಯಾರ ಗಂಟೆ ಎಂಬ ಪ್ರಶ್ನೆಯೂ ಉಂಟು. ಯುನಿಕ್ಸ್ ಒಳಗೊಳಗೆ ಕಾಲವನ್ನು ೧೯೭೦ರ ಜನವರಿ ೧ರ ಗ್ರೀನಿಚ್ ಮಧ್ಯರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಸುತ್ತದೆ. ಆಗ ನಮ್ಮಲ್ಲಿ ಬೆಳಿಗ್ಗೆ ಐದೂವರೆ. ಎಷ್ಟೋ ಸರ್ವರುಗಳನ್ನು ಜಾಗತಿಕ ಕಾಲದಲ್ಲಿಯೇ ಇರಿಸಿರುತ್ತಾರೆ. ಭಾರತ ಹವಾಮಾನ ಇಲಾಖೆಯ ಮಳೆಯ ದಿನವು ಬೆಳಿಗ್ಗೆ ೮-೩೦ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ದಿನದ ಮಳೆಯನ್ನು ಕೂಡಿಸಲೆಂದು '೩೦ ೮ * * *' ಎಂದು ಬರೆದರೆ ಅಂತಹ ಸರ್ವರು ನಮ್ಮ ಮಧ್ಯಾಹ್ನ ಎರಡು ಗಂಟೆಗೆ ಕೂಡಿಸುತ್ತದೆ. ಐದೂವರೆ ಗಂಟೆಯ ಮಳೆ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ. ಆಷಾಢದಲ್ಲಿ ಭಾಗಮಂಡಲದಂತಹ ಊರಿನಲ್ಲಿ ಇದು ಸಣ್ಣ ತಪ್ಪಲ್ಲ. ಯಂತ್ರದ ಕಾಲವನ್ನು ಭಾರತೀಯ ಕಾಲಕ್ಕೆ ತಿರುಗಿಸಬೇಕು, ಇಲ್ಲವೇ '೦ ೩ * * *' ಎಂದು ಬರೆಯಬೇಕು.

ಕ್ರಾನನ್ನು ರಚಿಸಿದವರು ಯಂತ್ರವು ಎಂದೂ ಆರುವುದಿಲ್ಲವೆಂದು ಭಾವಿಸಿದ್ದರು. ನಮ್ಮ ಮಳೆಗಾಲವನ್ನು ಅವರು ಕಂಡವರಲ್ಲ. ಮರದ ಕೊಂಬೆ ತಂತಿಯ ಮೇಲೆ ಬಿತ್ತೆಂದರೆ ಕೊಡಗಿನ ಊರುಗಳಲ್ಲಿ ವಿದ್ಯುತ್ತು ಬರುವುದು ಯಾವಾಗಲೋ. ಯು.ಪಿ.ಎಸ್. ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾಗುತ್ತದೆ. ರಾತ್ರಿ ಎರಡೂವರೆಗೆ ಯಂತ್ರ ಆರಿದ್ದರೆ ಆ ರಾತ್ರಿಯ ಕೆಲಸ ತಪ್ಪಿತು. ಬೆಳಿಗ್ಗೆ ಎದ್ದ ಕ್ರಾನಿಗೆ ಅದರ ನೆನಪೇ ಇರುವುದಿಲ್ಲ. ಈ ಕೊರತೆಯನ್ನು ನೀಗಲು ಅನಾಕ್ರಾನ್ ಎಂಬ ಇನ್ನೊಂದು ಕಾರ್ಯಕ್ರಮವಿದೆ. ಅದು ಪ್ರತಿ ಕೆಲಸವೂ ಕೊನೆಯ ಬಾರಿ ನಡೆದ ತಾರೀಖನ್ನು ಬರೆದಿಟ್ಟುಕೊಂಡು, ಯಂತ್ರ ಎದ್ದೊಡನೆ ನೋಡಿ, ಅವಧಿ ಮೀರಿದ್ದರೆ ಕೆಲವು ನಿಮಿಷ ತಾಳಿ ಆ ಕೆಲಸವನ್ನು ಮಾಡಿಸುತ್ತದೆ. ತಪ್ಪಿದ ಕರ್ಮಕ್ಕೆ ಪ್ರಾಯಶ್ಚಿತ್ತದಂತೆ! ಈಚಿನ ಲಿನಕ್ಸ್ ಯಂತ್ರಗಳಲ್ಲಿ ಸಿಸ್ಟಮ್‌ಡಿ ಎಂಬುದರ ಟೈಮರುಗಳಿಗೂ ಈ ಶಕ್ತಿಯಿದೆ. ಆದರೆ 'ಪರ್ಸಿಸ್ಟೆಂಟ್' ಎಂಬ ಗುಣವನ್ನು ನಾವೇ ಕೇಳಿ ಸೇರಿಸಬೇಕು, ತಾನಾಗಿ ಬರುವುದಿಲ್ಲ.

ಆದರೆ ಎಲ್ಲ ಕರ್ಮಕ್ಕೂ ಪ್ರಾಯಶ್ಚಿತ್ತವಿಲ್ಲ. ಬ್ಯಾಕಪ್ಪನ್ನು ರಾತ್ರಿಗೆ ಬದಲು ಬೆಳಿಗ್ಗೆ ಮಾಡಿದರೆ ನಷ್ಟವೇನೂ ಆಗದು. ಹದಿನೈದು ನಿಮಿಷದ ಮಳೆಯ ಓದು ತಪ್ಪಿದರೆ ಅದು ಹೋದದ್ದೇ. ಸಂಜೆ ಮೂವತ್ತು ಬಾರಿ ಓದಿದರೂ ಬೆಳಗಿನ ಮಳೆ ಸಿಕ್ಕುವುದಿಲ್ಲ. ಪಟ್ಟಿಯನ್ನು ಬರೆಯುವವರು ಯಾವ ಕೆಲಸ ಯಾವ ಜಾತಿಯದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಎರಡನೆಯ ಜಾತಿಯದಕ್ಕೆ ವೇಳಾಪಟ್ಟಿಯ ಚಮತ್ಕಾರಕ್ಕಿಂತ ದೊಡ್ಡ ಬ್ಯಾಟರಿಯೇ ಮದ್ದು.

ಇನ್ನು ಒಂದು ವಿಷಯ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಾನು ಪಾಠ ಹೇಳುತ್ತಿದ್ದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳ ಹಳೆಯ ಮಳೆಪುಸ್ತಕಗಳನ್ನು ತಂದು, ಅಂಕಿಗಳನ್ನು ಸರ್ವರಿಗೆ ಏರಿಸುತ್ತಿದ್ದರು. ರಾತ್ರಿ ಎರಡೂವರೆಗೆ ಅವೆಲ್ಲ ಹೊರಗಿನ ಡಿಸ್ಕಿಗೆ ನಕಲಾಗುವಂತೆ ನಾನೇ ಸಾಲು ಬರೆದಿದ್ದೆ. ಜುಲೈ ತಿಂಗಳ ಒಂದು ಗಾಳಿಮಳೆಯಲ್ಲಿ ವಿದ್ಯುತ್ತು ಹೋಗಿ ಬಂತು. ಸರ್ವರು ತಾನಾಗಿ ಎದ್ದಿತು. ಹೊರಗಿನ ಡಿಸ್ಕಿಗೆ ಗುಂಡಿಯೊತ್ತುವ ಕೈ ಬೇಕಾಗಿತ್ತು, ಅದು ಏಳಲಿಲ್ಲ. ಯುನಿಕ್ಸಿನಲ್ಲಿ ಹೊರಗಿನ ಡಿಸ್ಕನ್ನು ಒಳಗಿನ ಒಂದು ಖಾಲಿ ಫೋಲ್ಡರಿಗೆ ಜೋಡಿಸುವುದು ಕ್ರಮ. ಡಿಸ್ಕು ಇಲ್ಲದಿದ್ದರೂ ಫೋಲ್ಡರು ಇದ್ದೇ ಇರುತ್ತದೆ. ಕ್ರಾನ್ ಪ್ರತಿರಾತ್ರಿಯೂ ಆ ಫೋಲ್ಡರಿಗೆ, ಅಂದರೆ ಮೂಲ ಡಿಸ್ಕಿಗೇ, ನಕಲು ಮಾಡುತ್ತ ಹೋಯಿತು. ಕೆಲಸ ಮುಗಿಯಿತೆಂಬ ವರದಿಯೂ ದಿನದಿನವೂ ನನಗೆ ಬರುತ್ತಿತ್ತು. ವರದಿ ಸುಳ್ಳಾಗಿರಲಿಲ್ಲ, ಹೇಳಿದ ಕಡೆಗೆ ನಕಲು ಆಗಿಯೇ ಇತ್ತು. ಮುಂದಿನ ಮೇ ತಿಂಗಳಲ್ಲಿ, ಸಿಡಿಲು ಬಡಿದ ಒಂದು ಸಂಜೆ, ಮೂಲ ಡಿಸ್ಕು ಕೆಟ್ಟಿತು. ಅಸಲೂ ನಕಲೂ ಒಟ್ಟಿಗೆ ಹೋದವು. ಹೊರಗಿನ ಡಿಸ್ಕನ್ನು ತೆರೆದು ನೋಡಿದರೆ ಅಲ್ಲಿ ಹಿಂದಿನ ಜುಲೈವರೆಗಿನ ಅಂಕಿಗಳು ಮಾತ್ರ.

ವಿದ್ಯಾರ್ಥಿಗಳು ಬೇಸರಪಡದೆ ಪುಸ್ತಕಗಳನ್ನು ಮತ್ತೆ ತಂದು ಅಂಕಿಗಳನ್ನು ಏರಿಸಿದರು. ಒಂದು ಮನೆಯ ಪುಸ್ತಕವು ಮಾತ್ರ ಅಷ್ಟರಲ್ಲಿ ಗೆದ್ದಲಿನ ಪಾಲಾಗಿತ್ತು. ಅದನ್ನು ತಂದಿದ್ದ ಹುಡುಗಿ, "ಪರವಾಗಿಲ್ಲ ಸರ್, ಅಜ್ಜನ ಬರವಣಿಗೆ ಹೇಗೂ ಯಾರಿಗೂ ಓದಲು ಬರುತ್ತಿರಲಿಲ್ಲ" ಎಂದಳು. ಆಕೆ ಅದನ್ನು ಓದಿ ಒಂದು ಸಲ ಪೂರ್ತಿಯಾಗಿ ಏರಿಸಿದ್ದಳೆಂಬುದು ನನಗೆ ಗೊತ್ತಿತ್ತು.

ಆಮೇಲೆ ಮಾಡಿದ ಏರ್ಪಾಡು ಹೀಗಿದೆ. ನಕಲು ಆರಂಭಿಸುವ ಮೊದಲು, ಹೊರಗಿನ ಡಿಸ್ಕು ನಿಜವಾಗಿಯೂ ಜೋಡಣೆಯಾಗಿದೆಯೇ ಎಂದು ಕೆಲಸವು ತಾನೇ ಕೇಳಿಕೊಳ್ಳುತ್ತದೆ. ಇಲ್ಲದಿದ್ದರೆ ಮುಂದುವರಿಯದೆ ನಿಲ್ಲುತ್ತದೆ. ಹಿಂದಿನ ನಕಲು ಇನ್ನೂ ಮುಗಿಯದಿರುವಾಗ ಇನ್ನೊಂದು ಹೊರಡದಂತೆ ಒಂದು ಬೀಗವಿದೆ. ಕೆಲಸ ಕೈಗೂಡಿದಾಗ ಆ ದಿನದ ತಾರೀಖನ್ನು ಹೊರಗಿನ ಡಿಸ್ಕಿನಲ್ಲಿಯೇ ಬರೆಯುತ್ತದೆ. ಬೇರೊಂದು ಕೊಠಡಿಯ ಯಂತ್ರವು ಪ್ರತಿ ಬೆಳಿಗ್ಗೆ ಆ ತಾರೀಖನ್ನು ಓದಿ, ಎರಡು ದಿನಕ್ಕಿಂತ ಹಳೆಯದಾಗಿದ್ದರೆ ಅಥವಾ ಓದಲು ಸಿಕ್ಕದೆ ಹೋದರೆ, ನಮ್ಮನ್ನು ಎಚ್ಚರಿಸುತ್ತದೆ. ಮೊದಲು ವರದಿ ಬಂದರೆ ಕ್ಷೇಮವೆಂದು ತಿಳಿಯುತ್ತಿದ್ದೆವು. ಈಗ ವರದಿ ಬಾರದಿರುವುದನ್ನೇ ಯಂತ್ರವೊಂದು ಕಾದು ನೋಡುತ್ತಿದೆ. ಇಷ್ಟಾದ ಮೇಲೂ ತಿಂಗಳ ಮೊದಲ ಸೋಮವಾರ ಒಬ್ಬ ವಿದ್ಯಾರ್ಥಿಯು ಹೊರಗಿನ ಡಿಸ್ಕಿನಿಂದ ಯಾವುದಾದರೊಂದು ವರ್ಷದ ಅಂಕಿಗಳನ್ನು ತೆಗೆದು, ಮಳೆಪುಸ್ತಕದ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಅಂಗುಲ ಸೆಂಟುಗಳನ್ನು ಒಂದೊಂದಾಗಿ ತಾಳೆ ನೋಡುತ್ತಾನೆ. ಆ ಕೆಲಸವನ್ನು ನಾವು ಕ್ರಾನಿಗೆ ವಹಿಸಿಲ್ಲ.