ಆಡಳಿತ ಮಂಡಳಿಯವರ ಮನೆಯ ಹಾಲು



ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆದ ರಾಸಿನ ಹಾಲನ್ನು ಔಷಧಿಯ ಮೇಲೆ ನಮೂದಿಸಿದ ಅವಧಿ ಮುಗಿಯುವವರೆಗೆ ಸಂಘಕ್ಕೆ ಹಾಕಬಾರದೆಂಬುದು ತಮಗೆ ತಿಳಿದ ಸಂಗತಿ. ಮೊಲೆಯೊಳಗೆ ಏರಿಸುವ ಬಹಳಷ್ಟು ಔಷಧಿಗಳಿಗೆ ಇದು ಮೂರು-ನಾಲ್ಕು ದಿನ. ಆ ಹಾಲನ್ನು ಕುದಿಸಿದರೂ ಔಷಧಿಯ ಅಂಶ ಪೂರ್ತಿ ಹೋಗುವುದಿಲ್ಲ. ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ. ಪೆನಿಸಿಲಿನ್ ಒಗ್ಗದವರು ಕುಡಿದರೆ ಮೈಮೇಲೆ ದದ್ದು ಏಳಬಹುದು. ಸಂಘದ ಲ್ಯಾಕ್ಟೋಮೀಟರು ನೀರನ್ನು ತೋರಿಸೀತೇ ಹೊರತು ಔಷಧಿಯನ್ನು ತೋರಿಸದು. ಡೇರಿಯ ಪರೀಕ್ಷೆಯಲ್ಲಿ ಅದು ಕಂಡುಬರುವ ಹೊತ್ತಿಗೆ ಒಬ್ಬರ ಹಾಲು ಊರವರೆಲ್ಲರ ಹಾಲಿನೊಂದಿಗೆ ಬೆರೆತು ಹೋಗಿರುತ್ತದೆ.

ಇಷ್ಟು ಪಶುವೈದ್ಯಕೀಯದ ಮಾತು. ಇನ್ನು ಮುಂದಿನದು ಆಡಳಿತದ ಪ್ರಶ್ನೆ. ಆ ಎಮ್ಮೆ ಆಡಳಿತ ಮಂಡಳಿಯ ಸದಸ್ಯರದೇ ಆಗಿದ್ದರೆ? ಕಾರ್ಯದರ್ಶಿಯವರಿಗೆ ಸಂಬಳ ಕೊಡುವುದು ಅದೇ ಮಂಡಳಿ. ಹಾಲನ್ನು ಹಿಂದಕ್ಕೆ ಕಳಿಸುವ ಧೈರ್ಯ ಅವರಿಗೆ ಬರುವುದಾದರೂ ಹೇಗೆ? ಎಲ್ಲರೂ ಪ್ರಾಮಾಣಿಕರಾಗಿರಬೇಕು ಎಂಬ ಉತ್ತರ ಹೇಳುವುದು ಸುಲಭ. ನನಗೆ ಅದರಲ್ಲಿ ಅಷ್ಟು ಭರವಸೆಯಿಲ್ಲ. ಒಳ್ಳೆಯವರೂ ಮುಖ ನೋಡಿ ಮಣೆ ಹಾಕುವುದುಂಟು. ಆದ್ದರಿಂದ ಯಾರ ರಾಸಿಗೂ ಬೇನೆ ಇಲ್ಲದಿರುವಾಗಲೇ ಈ ಬಗ್ಗೆ ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿ, ಅದನ್ನು ಹಾಲು ಅಳೆಯುವ ಜಾಗದಲ್ಲೇ ಅಂಟಿಸತಕ್ಕದ್ದು. ಆಗ ಕಾರ್ಯದರ್ಶಿಯವರು "ನಾನಲ್ಲ ಗೌಡ್ರೇ, ಠರಾವೇ ಹಿಂಗೈತಿ" ಎಂದು ಹೇಳಬಹುದು.

ಹೊಸಪೇಟೆ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಜಯನಗರದ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ನೀರಿನ ಪಾಳಿಯನ್ನು ಬಾಳೆ ಒಣಗಿದ ಮೇಲೆ ಗೊತ್ತುಮಾಡಲು ಕುಳಿತರೆ ಜಗಳವಲ್ಲದೆ ಇನ್ನೇನಾದೀತು!

ನಷ್ಟ ಯಾರದು ಎಂಬುದು ಇದಕ್ಕಿಂತ ಕಠಿಣ. ದಿನಕ್ಕೆ ಎಂಟು ಲೀಟರ್ ಹಾಕುವವರಿಗೆ ನಾಲ್ಕು ದಿನಕ್ಕೆ 32 ಲೀಟರ್ ಹೋಯಿತು. ಪೂರ್ತಿ ಅವರ ತಲೆಗೇ ಕಟ್ಟಿದರೆ ಮುಂದಿನ ಸಲ ಅವರು ಬಾಯಿಬಿಡುವುದಿಲ್ಲ. ಪೂರ್ತಿ ಸಂಘವೇ ಭರಿಸಿದರೆ ಅದು ಉಳಿದ ಸದಸ್ಯರ ಹಣ. ನಿವ್ವಳ ಲಾಭದಲ್ಲಿ ಶೇಕಡಾ 25ಕ್ಕೆ ಕಡಿಮೆಯಿಲ್ಲದಂತೆ ಆಪದ್ಧನ ನಿಧಿಗೆ ತೆಗೆದಿರಿಸಿ, ಉಳಿದುದರಲ್ಲಿ ಉಪವಿಧಿಗೆ ಒಳಪಟ್ಟು ನಷ್ಟದ ಒಂದು ಭಾಗವನ್ನು ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಆದರೆ ತಾವಾಗಿಯೇ ಮುಂಚಿತವಾಗಿ ತಿಳಿಸಿ ಚಿಕಿತ್ಸಾ ಚೀಟಿ ತೋರಿಸಿದವರಿಗೆ ಮಾತ್ರ. ಸಿಕ್ಕಿಬಿದ್ದ ಮೇಲೆ ಹೇಳಿದವರಿಗಲ್ಲ.

ಮಂಡಳಿಯ ಸದಸ್ಯರ ಅರ್ಜಿಯೇ ಮಂಡಳಿಯ ಮುಂದೆ ಬಂದಾಗ ಅವರು ಎದ್ದು ಹೊರಗೆ ಹೋಗಬೇಕು, ಹೋದರೆಂದು ನಡವಳಿ ಪುಸ್ತಕದಲ್ಲಿ ಬರೆಯಬೇಕು. ಹಾಲು ಪರೀಕ್ಷಕರ ನೇಮಕಕ್ಕೆ ಅವರ ಸಂಬಂಧಿಕರು ಬಂದಾಗಲೂ ಹೀಗೆಯೇ. ಸಂಘದ ಕಟ್ಟಡಕ್ಕೆ ಅವರ ಅಂಗಡಿಯಿಂದ ಸಿಮೆಂಟು ಕೊಳ್ಳುವಾಗಲೂ ಅಷ್ಟೇ. ಇದರಲ್ಲಿ ಅವಮಾನವೇನೂ ಇಲ್ಲ. ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅಂದಿನಿಂದ ಬಂದ ಒಬ್ಬ ಸದಸ್ಯನಿಗೆ ಒಂದೇ ಮತವೆಂಬ ಪದ್ಧತಿ 1959ರ ನಮ್ಮ ರಾಜ್ಯದ ಸಹಕಾರ ಸಂಘಗಳ ಕಾಯ್ದೆಯಲ್ಲೂ ಇದೆ. ಹತ್ತು ಎಮ್ಮೆ ಕಟ್ಟಿದವರಿಗೂ ಒಂದೇ ಮತ, ಒಂದು ಎಮ್ಮೆಯ ವಿಧವೆ ತಾಯಿಗೂ ಒಂದೇ ಮತ.

ಚಿಕಿತ್ಸಾ ಚೀಟಿಯಲ್ಲಿ ಎಷ್ಟು ದಿನ ಹಾಲು ಹಾಕಬಾರದೆಂದು ಬರೆದಿರದಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಿರಿ. ಆ ಹಾಲನ್ನು ಕರುವಿಗೂ ಕುಡಿಸಬೇಡಿರಿ. ಕೊಟ್ಟಿಗೆಯ ನೆಲಕ್ಕೆ ಹಿಂಡದೆ ಪಾತ್ರೆಗೆ ಹಿಂಡಿ, ದೂರ ಒಯ್ದು ಗುಂಡಿಗೆ ಸುರಿಯಿರಿ.