ನಿಮಗಿದು ಗೊತ್ತೆ? ಖಾಲಿ ಬ್ಯಾರಲ್‌ನಲ್ಲೂ ಸೊಳ್ಳೆ ಕಾದಿರುತ್ತದೆ
ಬೇಸಿಗೆಯಲ್ಲಿ ಬೆಳಗಾವಿ ನಗರಕ್ಕೆ ನೀರು ಕೊಡುವ ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ಮಟ್ಟ ಇಳಿದಂತೆ ಮನೆಗಳಲ್ಲಿ ಬ್ಯಾರಲ್, ಟಾಕಿಗಳಲ್ಲಿ ನೀರು ತುಂಬಿಡುವುದು ಹೆಚ್ಚುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ತಿಳಿಯಾದ, ನಿಂತ ನೀರೇ. ಅದು ಮೊಟ್ಟೆ ಅಂಟಿಸುವುದು ನೀರಿನ ಅಂಚಿಗಿಂತ ತುಸು ಮೇಲೆ, ಒದ್ದೆ ಗೋಡೆಗೆ. ಟಾರ್ಚ್ ಹಿಡಿದು ನೋಡಿದರೆ ಮಸಿಯ ಕಣಗಳಂತೆ ಕಾಣುತ್ತವೆ. ನೀರು ಚೆಲ್ಲಿದರೂ ಅವು ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ತಾಗಿದರೆ ಮರಿಯಾಗುತ್ತವೆ. ಅಲ್ಲಿಂದ ಸೊಳ್ಳೆ ಹಾರಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆಯನ್ನು ಬ್ರಶ್‌ನಿಂದ ಗಸಗಸ ತಿಕ್ಕಲೇಬೇಕು. ತುಂಬಿದ ಮೇಲೆ ಬಾಯಿಗೆ ಹಳೆಯ ಧೋತರ ಬಿಗಿಯಾಗಿ ಕಟ್ಟಿ. ಕೂಲರ್, ಫ್ರಿಜ್ ಹಿಂದಿನ ತಟ್ಟೆಯನ್ನೂ ಮರೆಯಬೇಡಿ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಧ್ಯಾಹ್ನ ಮಲಗುವ ಮಕ್ಕಳಿಗೂ ಪರದೆ ಬೇಕು.

ಕಾಡಂಚಿನ ಖಾನಾಪುರದಲ್ಲಿ ಗೆದ್ದಲಿನ ಚಿಂತೆಯೂ ಉಂಟು. ಮೊದಲ ಅಡ್ಡಮಳೆ ಬಿದ್ದ ಸಂಜೆ ರೆಕ್ಕೆಹುಳುಗಳು ದೀಪಕ್ಕೆ ಮುಗಿಬೀಳುತ್ತವೆ. ಹೊರಗಿನಿಂದ ಬಂದವಾದರೆ ದೀಪ ಆರಿಸಿದರೆ ಸಾಕು. ಕಿಟಕಿ ಮುಚ್ಚಿದ್ದರೂ ಚೌಕಟ್ಟಿನ ಬುಡದಲ್ಲಿ ಉದುರಿದ ರೆಕ್ಕೆಗಳ ರಾಶಿ ಕಂಡರೆ ಗೂಡು ಮನೆಯಲ್ಲೇ ಇರಬಹುದು. ಗೋಡೆಯ ಮೇಲೆ ಏರಿದ ಮಣ್ಣಿನ ಗೆರೆ ಹುಡುಕಿ.